ಬಾಗಿಲು ತೆರೆದ ಮೇಲೆ

ನ್ಯೂಯಾರ್ಕಿನ ಸಿಟಿ ಕಾಲೇಜು 1847ರಲ್ಲಿ ಹುಟ್ಟಿದ್ದು ಜನಸಾಮಾನ್ಯರ ಮಕ್ಕಳಿಗಾಗಿ. ಅಲ್ಲಿ ಶುಲ್ಕವಿರಲಿಲ್ಲ. ಆದರೆ ಸೀಟು ಸಿಗಲು ಒಳ್ಳೆಯ ಅಂಕ ಬೇಕಿತ್ತು. ಕಾಲೇಜು ಹಾರ್ಲೆಮ್ಮಿನಲ್ಲೇ ಇದ್ದರೂ ಅಲ್ಲಿನ ಕಪ್ಪು ಜನರ, ಪೋರ್ಟೊರಿಕೊ ಮೂಲದವರ ಮಕ್ಕಳು ಒಳಗೆ ಕಡಿಮೆ. 1969ರ ಏಪ್ರಿಲ್‌ನಲ್ಲಿ ಈ ವಿದ್ಯಾರ್ಥಿಗಳು ಗೇಟಿಗೆ ಬೀಗ ಹಾಕಿ ಕುಳಿತರು. ಮರುವರ್ಷ, ನಗರದಲ್ಲಿ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಸಿಟಿ ಯೂನಿವರ್ಸಿಟಿಯ ಯಾವುದಾದರೊಂದು ಕಾಲೇಜಿನಲ್ಲಿ ಪ್ರವೇಶ ಎಂದಾಯಿತು.

ಸೇರಿಸಿಕೊಂಡದ್ದಾಯಿತು, ಉಳಿಸಿಕೊಳ್ಳುವುದು ಹೇಗೆ? ಸಾಲು ಸಾಲಿಗೂ ತಪ್ಪು ಕಂಡ ಕೆಲವು ಅಧ್ಯಾಪಕರು ಇವರು ಕಾಲೇಜಿಗೆ ತಕ್ಕವರಲ್ಲ ಎಂದರು. ಬರವಣಿಗೆ ಕಲಿಸುವ ಹೊಣೆ ಹೊತ್ತಿದ್ದ ಮೀನಾ ಶಾನೆಸಿ ಹಾಗೆನ್ನದೆ, ಸುಮಾರು 4,000 ಪ್ರಬಂಧಗಳನ್ನು ಓದಿದರು. ತಪ್ಪಿಗೂ ಒಂದು ತರ್ಕವಿತ್ತು: ಮನೆಮಾತು ಬೇರೆ, ಪುಸ್ತಕದ ಭಾಷೆ ಬೇರೆ; ಬರೆದು ರೂಢಿಯಿಲ್ಲದವರು ತಾವೇ ನಿಯಮ ಊಹಿಸಿಕೊಂಡು ಎಡವುತ್ತಿದ್ದರು. ಇವರು ದಡ್ಡರಲ್ಲ, ಹೊಸಬರು ಎಂದು ಅವರು ‘ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಶನ್ಸ್’ (1977) ಪುಸ್ತಕದಲ್ಲಿ ತೋರಿಸಿದರು. ಕವಿಗಳಾದ ಏಡ್ರಿಯನ್ ರಿಚ್, ಆಡ್ರಿ ಲಾರ್ಡ್ ಕೂಡ ಆ ಕಾಲೇಜಿನ ಇಂಥ ತರಗತಿಗಳಲ್ಲಿ ಪಾಠ ಹೇಳಿದವರೇ.

ಅಷ್ಟರಲ್ಲಿ ನಗರದ ಬೊಕ್ಕಸ ಬರಿದಾಗಿತ್ತು. 129 ವರ್ಷಗಳ ಉಚಿತ ಶಿಕ್ಷಣ 1976ರಲ್ಲಿ ಕೊನೆಯಾಗಿ ಶುಲ್ಕ ಬಂತು. ಅಧ್ಯಾಪಕರು ಕೆಲಸ ಕಳೆದುಕೊಂಡರು, ವಿದ್ಯಾರ್ಥಿಗಳ ಸಂಖ್ಯೆ ಕುಸಿಯಿತು.

2007ರಲ್ಲಿ ಅದೇ ವಿಶ್ವವಿದ್ಯಾಲಯ ತನ್ನ ಎರಡು ವರ್ಷದ ಕಾಲೇಜುಗಳಲ್ಲಿ ಇನ್ನೊಂದು ಪ್ರಯತ್ನ ಮಾಡಿತು: ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕ, ಪುಸ್ತಕದ ಖರ್ಚು, ಮೆಟ್ರೊ ಪಾಸು. ಬುನಾದಿ ಪಾಠ ಬೇಕಿದ್ದ ಬಡ ವಿದ್ಯಾರ್ಥಿಗಳ ಅಧ್ಯಯನವೊಂದರಲ್ಲಿ, ಮೂರು ವರ್ಷದೊಳಗೆ ಪದವಿ ಪಡೆದವರು ಈ ನೆರವಿಲ್ಲದವರಲ್ಲಿ ಶೇ. 22, ನೆರವಿದ್ದವರಲ್ಲಿ ಶೇ. 40. ಮಕ್ಕಳು ಕಾಲೇಜು ಬಿಡುವುದಕ್ಕೆ ಬುದ್ಧಿಯ ಕೊರತೆಯನ್ನೇ ಕಾರಣ ಮಾಡುವ ಮೊದಲು, ಅವರ ಬಸ್ಸಿನ ಚಾರ್ಜನ್ನೂ ವಿಚಾರಿಸಬೇಕು.