ಅಳೆಯುವ ಸೇರು ಯಾರ ಕೈಲಿದೆ?

ನಮ್ಮಜ್ಜಿ ಕೂಲಿಗೆ ಹೋಗುತ್ತಿದ್ದ ದೊಡ್ಡಮನೆಯಲ್ಲಿ ಎರಡು ಸೇರುಗಳಿದ್ದವಂತೆ. ಕೊಟ್ಟ ಸಾಲಕ್ಕೆ ರಾಗಿ ಅಳೆದುಕೊಳ್ಳುವಾಗ ಒಂದು, ಆಳುಗಳಿಗೆ ಕೂಲಿ ಅಳೆದು ಕೊಡುವಾಗ ಇನ್ನೊಂದು. ನೋಡೋಕೆ ಎರಡೂ ಒಂದೇ. ಆದರೆ ಕೂಲಿಯ ಸೇರಿನ ತಳ ಒಳಕ್ಕೆ ಉಬ್ಬಿತ್ತು. ಒಂದೊಂದು ಸೇರಿಗೆ ಒಂದೊಂದು ಹಿಡಿ ಅಲ್ಲೇ ಉಳಿಯುತ್ತಿತ್ತು. ‘ಕಣ್ಣಿಗೆ ಗೊತ್ತಾಗ್ತಿರ್ಲಿಲ್ಲ ಕಣಪ್ಪ, ಹೊಟ್ಟೆಗೆ ಗೊತ್ತಾಗ್ತಿತ್ತು’ ಅಂತಿದ್ದಳು ಅಜ್ಜಿ.

ಈ ಮಾತು ನನಗೆ ಮತ್ತೆ ನೆನಪಾದದ್ದು ಆಫ್ರಿಕಾದ ಕಾಂಗೋ ದೇಶದ ಚರಿತ್ರೆ ಓದುವಾಗ.

ಈಗ ಜಗತ್ತೆಲ್ಲ ಒಂದೇ ಮಾತು. ಕಲ್ಲಿದ್ದಲು ಬೇಡ, ಪೆಟ್ರೋಲು ಬೇಡ. ಬಿಸಿಲು, ಗಾಳಿ, ಬ್ಯಾಟರಿ ಸಾಕು. ಆಗಲಿ, ನನಗೇನೂ ತಕರಾರಿಲ್ಲ. ಬಿಸಿಲು ಹೆಚ್ಚಾದರೆ ಮೊದಲು ತಲೆ ತಿರುಗಿ ಬೀಳುವವರು ಬಯಲಲ್ಲಿ ದುಡಿಯುವ ನಮ್ಮವರೇ. ಆದರೆ ಗೆಳೆಯರೇ, ಜಗತ್ತು ತಾನು ಓಡುವ ರೀತಿಯನ್ನು ಬದಲಿಸಿಕೊಂಡದ್ದು ಇದೇ ಮೊದಲ ಸಲವಲ್ಲ. ಟೈರು ಬಂತು, ಕರೆಂಟು ಬಂತು, ಅಣುಶಕ್ತಿ ಬಂತು, ಈಗ ಬ್ಯಾಟರಿ ಬಂದಿದೆ. ನಾಲ್ಕು ಸಲವೂ ಕಾಂಗೋದ ಕಾಡನ್ನೋ ನೆಲವನ್ನೋ ಬಗೆದಿದ್ದಾರೆ. ಮೊದಲು ರಬ್ಬರು, ಆಮೇಲೆ ತಾಮ್ರ, ಆಮೇಲೆ ಯುರೇನಿಯಂ, ಈಗ ಕೋಬಾಲ್ಟ್. ಸರಕು ಬದಲಾಯಿತು. ಸೇರು ಬದಲಾಯಿತೇ? ನಾನು ಕೇಳುತ್ತಿರುವುದು ಇಷ್ಟೇ.

*

1884-85ರಲ್ಲಿ ಬರ್ಲಿನ್ ನಗರದಲ್ಲಿ ಯುರೋಪಿನ ಸರ್ಕಾರಗಳು ಮೇಜಿನ ಸುತ್ತ ಕೂತು ಆಫ್ರಿಕಾವನ್ನು ಹಂಚಿಕೊಳ್ಳುವ ನಿಯಮ ಬರೆದವು. ಆ ಮೇಜಿನ ಬಳಿ ಆಫ್ರಿಕಾದ ಒಬ್ಬನಿಗೂ ಜಾಗವಿರಲಿಲ್ಲ. ಕಾಂಗೋ ಬೆಲ್ಜಿಯಂ ದೇಶಕ್ಕೂ ಅಲ್ಲ, ಅಲ್ಲಿನ ದೊರೆ ಎರಡನೇ ಲಿಯೊಪೋಲ್ಡನ ಸ್ವಂತಕ್ಕೆ ಹೋಯಿತು. ಬೆಲ್ಜಿಯಂಗಿಂತ ಎಪ್ಪತ್ತು ಪಟ್ಟಿಗೂ ಮೇಲೆ ದೊಡ್ಡದಾದ ನೆಲ ಒಬ್ಬ ಮನುಷ್ಯನ ಜಹಗೀರು!

1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ. ಸೈಕಲ್ಲು ಓಡಿತು, ಹಿಂದೆಯೇ ಮೋಟಾರು ಓಡಿತು. ರಬ್ಬರಿನ ಬೆಲೆ ಏರಿತು. ಕಾಂಗೋದ ಕಾಡುಬಳ್ಳಿಗಳಲ್ಲಿ ರಬ್ಬರಿನ ಹಾಲಿತ್ತು. ಊರೂರಿಗೆ ಲೆಕ್ಕ ಕಟ್ಟಿದರು: ಇಷ್ಟು ಕಿಲೋ ತರಬೇಕು. ಹೆಂಗಸರನ್ನು ಒತ್ತೆಯಾಗಿ ಕೂಡಿಹಾಕಿ ಗಂಡಸರನ್ನು ಕಾಡಿಗೆ ಅಟ್ಟಿದರು. ತಂದ ರಬ್ಬರನ್ನು ತೂಗುವ ತಕ್ಕಡಿ ಸಾಹೇಬನ ಠಾಣ್ಯದಲ್ಲಿತ್ತು. ಕಮ್ಮಿ ಬಿದ್ದರೆ ಚಾಟಿ, ಇಲ್ಲವೇ ಗುಂಡು. ಹಾರಿಸಿದ ಗುಂಡು ವ್ಯರ್ಥವಾಗಿಲ್ಲ ಅಂತ ತೋರಿಸೋಕೆ ಸಿಪಾಯಿಗಳು ಸತ್ತವರ ಬಲಗೈ ಕತ್ತರಿಸಿ ತರಬೇಕಿತ್ತು. ಗುಂಡು ಉಳಿಸಿಕೊಂಡವರು ಬದುಕಿದ್ದವರ ಕೈಯನ್ನೂ ಕತ್ತರಿಸಿದರು. 1904ರಲ್ಲಿ ಆಲಿಸ್ ಸೀಲಿ ಹ್ಯಾರಿಸ್ ಎಂಬ ಹೆಂಗಸು ತೆಗೆದ ಒಂದು ಫೋಟೋ ಇದೆ. ನ್ಸಾಲಾ ಎಂಬ ಅಪ್ಪ ಜಗಲಿಯಂಚಲ್ಲಿ ಕೂತಿದ್ದಾನೆ. ಅವನ ಮುಂದೆ ಅವನ ಪುಟ್ಟ ಮಗಳ ಒಂದು ಕೈ, ಒಂದು ಪಾದ ಇವೆ. ಅಷ್ಟೇ. ಅದಕ್ಕಿಂತ ಹೆಚ್ಚು ನಾನು ಬರೆಯಲಾರೆ.

ಲೋಕ ಛೀ ಅಂದ ಮೇಲೆ 1908ರಲ್ಲಿ ದೊರೆಯ ಕೈಯಿಂದ ಕಾಂಗೋ ಬೆಲ್ಜಿಯಂ ಸರ್ಕಾರದ ಕೈಗೆ ಬಂತು. ಆದರೆ ಕಾಡು ರಬ್ಬರಿನ ಕಾಟ ಮುಗಿದದ್ದು ಬರೀ ಕರುಣೆಯಿಂದಲ್ಲ. ಮಲಯಾ, ಸಿಲೋನಿನ ತೋಟಗಳ ರಬ್ಬರು ಅಗ್ಗವಾಗಿ ಮಾರುಕಟ್ಟೆಗೆ ಬಂತು. 1910ರಲ್ಲಿ ತುದಿ ಮುಟ್ಟಿದ ಬೆಲೆ ಆಮೇಲೆ ಕುಸಿಯಿತು. ಆ ತೋಟಗಳಲ್ಲಿ ಮರ ಕೆತ್ತಿದವರು ಯಾರು? ತಮಿಳು ಸೀಮೆಯಿಂದ ಹಡಗು ಹತ್ತಿದ ಕೂಲಿಗಳು. ಅವರಲ್ಲಿ ಎಷ್ಟೋ ಜನ ಕೇರಿಯವರು. ಕಾಂಗೋದವನ ಕೈ ಬಿಟ್ಟ ಮಾರುಕಟ್ಟೆ ನಮ್ಮವನ ಕೈ ಹಿಡಿಯಿತು. ಎಂಥ ಕೈ ಹಿಡಿಯೋದು ಅದು!

*

ಅಷ್ಟರಲ್ಲಿ ಜಗತ್ತಿಗೆ ಕರೆಂಟು ಬಂದಿತ್ತು. ಕರೆಂಟು ಅಂದರೆ ತಂತಿ, ತಂತಿ ಅಂದರೆ ತಾಮ್ರ. ನಮ್ಮಲ್ಲೂ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಸಿದರು, ಬೆಂಗಳೂರಿನ ಬೀದಿದೀಪಕ್ಕಿಂತ ಮೂರು ವರ್ಷ ಮೊದಲೇ. ನಡುವಿನ ಹಳ್ಳಿಗಳ ನೆತ್ತಿಯ ಮೇಲೆ ತಂತಿ ಹಾದುಹೋಯಿತು, ಗುಡಿಸಲಿಗೆ ದೀಪ ಬರಲಿಲ್ಲ.

ಕಾಂಗೋದ ದಕ್ಷಿಣದ ಕಟಾಂಗಾ ಪ್ರಾಂತ್ಯದಲ್ಲಿ ತಾಮ್ರದ ಅದಿರು ಹೇರಳ. 1906ರಲ್ಲಿ ಯೂನಿಯನ್ ಮಿನಿಯೇರ್ ಎಂಬ ಕಂಪನಿ ಹುಟ್ಟಿತು. 1911ರಲ್ಲಿ ಕುಲುಮೆಯಿಂದ ಮೊದಲ ತಾಮ್ರ ಹರಿಯಿತು. ಕೈ ಕತ್ತರಿಸುವ ಕಾಲ ಹೋಗಿತ್ತು. ಈಗ ತಲೆಗಂದಾಯ. ಕಂದಾಯವನ್ನು ದುಡ್ಡಲ್ಲೇ ಕಟ್ಟಬೇಕು, ದುಡ್ಡು ಸಿಗೋದು ಗಣಿಯಲ್ಲಿ. ಚಾಟಿ ಕಾಣಲಿಲ್ಲ, ಜನ ತಾವಾಗಿಯೇ ನಡೆದು ಬಂದರು. ಇದನ್ನೇ ಅಲ್ಲವೇ ಅರ್ಥಶಾಸ್ತ್ರದ ಪುಸ್ತಕ ‘ಕಾರ್ಮಿಕ ಮಾರುಕಟ್ಟೆ’ ಅನ್ನೋದು?

ಎರಡನೇ ಮಹಾಯುದ್ಧದಲ್ಲಿ ತಾಮ್ರಕ್ಕೆ ಬೇಡಿಕೆ ಏರಿತು, ಊರಲ್ಲಿ ಸಾಮಾನಿನ ಬೆಲೆಯೂ ಏರಿತು, ಕೂಲಿ ಮಾತ್ರ ನಿಂತಲ್ಲೇ ನಿಂತಿತು. 1941ರ ಡಿಸೆಂಬರಿನಲ್ಲಿ ಕರಿಯ ಕಾರ್ಮಿಕರು ಮುಷ್ಕರ ಹೂಡಿದರು. ಎಲಿಜಬೆತ್‌ವಿಲ್ ಊರಿನ ಆಟದ ಬಯಲಲ್ಲಿ ಸೇರಿದ್ದವರ ಮೇಲೆ ಸೈನ್ಯ ಗುಂಡು ಹಾರಿಸಿತು. ಹತ್ತಾರು ಜನ ಸತ್ತರು. ಅವರ ಮುಂದಾಳು ಲಿಯೊನಾರ್ ಎಂಪೊಯಿಯೂ ಸತ್ತ. ಅವರು ಕೇಳಿದ್ದು ರಾಜ್ಯವನ್ನಲ್ಲ, ಹೆಚ್ಚಿನ ಕೂಲಿಯನ್ನು.

ಅದೇ ಕಂಪನಿಗೆ ಶಿಂಕೊಲೊಬ್ವೆ ಎಂಬ ಇನ್ನೊಂದು ಗಣಿಯಿತ್ತು. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಯುರೇನಿಯಂನಲ್ಲಿ ಬಹುಪಾಲು ಅಲ್ಲಿಂದ ಹೋದದ್ದು. ಬಾಂಬು ಮಾಡಿದ ವಿಜ್ಞಾನಿಗಳ ಹೆಸರು ನಮ್ಮ ಪಠ್ಯದಲ್ಲಿದೆ. ಅದಿರು ಹೊತ್ತವರ ಹೆಸರು ಯಾರ ಪಠ್ಯದಲ್ಲಿದೆ?

*

1960ರ ಜೂನ್ 30ರಂದು ಕಾಂಗೋ ಸ್ವತಂತ್ರವಾಯಿತು. ಹನ್ನೊಂದೇ ದಿನಕ್ಕೆ ಕಟಾಂಗಾ ಬೇರೆ ದೇಶ ಅಂತ ಶೋಂಬೆ ಎಂಬಾತ ಘೋಷಿಸಿದ. ಅವನ ಹಿಂದೆ ಬೆಲ್ಜಿಯಂನ ಸಿಪಾಯಿಗಳಿದ್ದರು. ಕಂಪನಿ ತನ್ನ ತೆರಿಗೆಯನ್ನು ಕಾಂಗೋ ಸರ್ಕಾರಕ್ಕೆ ಕಟ್ಟದೆ ಅವನಿಗೆ ಕಟ್ಟಿತು. ಈ ನೆಲದ ಸಂಪತ್ತು ಈ ನೆಲದವರದು ಎಂದ ಪ್ರಧಾನಿ ಪಾಟ್ರಿಸ್ ಲುಮುಂಬಾನನ್ನು 1961ರ ಜನವರಿ 17ರಂದು ಅದೇ ಕಟಾಂಗಾದಲ್ಲಿ ಕೊಂದರು. ಹೆಣವನ್ನು ಆಸಿಡ್ಡಿನಲ್ಲಿ ಕರಗಿಸಿದರು. ಉಳಿದದ್ದು ಒಂದು ಹಲ್ಲು. ಅದನ್ನು ಬೆಲ್ಜಿಯಂ ಅವನ ಮನೆಯವರಿಗೆ ವಾಪಸು ಕೊಟ್ಟದ್ದು 2022ರಲ್ಲಿ. ಅರವತ್ತೊಂದು ವರ್ಷ ಬೇಕಾಯಿತು ಒಂದು ಹಲ್ಲಿಗೆ.

1967ರಲ್ಲಿ ಮೊಬುಟು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. ಅದೇ ವರ್ಷ ಚಿಲಿ, ಪೆರು, ಜಾಂಬಿಯಾ, ಕಾಂಗೋ ಸೇರಿ ತಾಮ್ರ ರಫ್ತು ದೇಶಗಳ ಕೂಟ ಕಟ್ಟಿದವು. ಎಣ್ಣೆ ದೇಶಗಳ ಹಾಗೆ ನಾವೂ ಬೆಲೆ ಕಟ್ಟೋಣ ಎಂಬ ಆಸೆ. 1973ರಲ್ಲಿ ಎಣ್ಣೆ ದೇಶಗಳು ಗೆದ್ದವು. ಎಣ್ಣೆ ತುಟ್ಟಿಯಾಗಿ ಶ್ರೀಮಂತ ದೇಶಗಳ ಕಾರ್ಖಾನೆ ಮಂಕಾದವು. ಕಾರ್ಖಾನೆ ಮಂಕಾದರೆ ತಾಮ್ರ ಯಾರಿಗೆ ಬೇಕು? 1974ರ ಏಪ್ರಿಲ್‌ನಲ್ಲಿ ತುದಿಯಲ್ಲಿದ್ದ ಬೆಲೆ ವರ್ಷ ಮುಗಿಯುವಷ್ಟರಲ್ಲಿ ಅರ್ಧಕ್ಕೂ ಕೆಳಗೆ ಬಿತ್ತು. ಕೂಟ ಉತ್ಪಾದನೆ ಕಡಿಮೆ ಮಾಡಿ ನೋಡಿತು, ಬೆಲೆ ಏಳಲಿಲ್ಲ. ಹಳೇ ತಾಮ್ರವನ್ನು ಕರಗಿಸಿಯಾದರೂ ಕೊಳ್ಳುವವನು ಕಾಯಬಲ್ಲ, ಮಾರುವವನು ಕಾಯಲಾರ. ಸುಗ್ಗಿಯಲ್ಲೇ ರಾಗಿ ಮಾರಿ ಸಾಲ ತೀರಿಸುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸತ್ಯವನ್ನೂ ಹೇಳಿಬಿಡಬೇಕು. ಬಂದ ಹಣವನ್ನು ಮೊಬುಟು ಮತ್ತವನ ಪಟಾಲಂ ನುಂಗಿತು. ಯಂತ್ರ ತುಕ್ಕು ಹಿಡಿಯಿತು, ಕಾರ್ಮಿಕರಿಗೆ ಸಂಬಳ ನಿಂತಿತು. 1980ರ ದಶಕದ ನಡುವಿನಲ್ಲಿ ವರ್ಷಕ್ಕೆ ನಾಲ್ಕೂವರೆ ಲಕ್ಷ ಟನ್ನಿಗೂ ಹೆಚ್ಚು ತಾಮ್ರ ತೆಗೆಯುತ್ತಿದ್ದ ಸರ್ಕಾರಿ ಕಂಪನಿ, ಹತ್ತೇ ವರ್ಷದಲ್ಲಿ ಅದರ ಹತ್ತನೇ ಒಂದು ಪಾಲಿಗೆ ಇಳಿಯಿತು. ಸೇರು ಹಿಡಿದವನ ಬಣ್ಣ ಬದಲಾಗಿತ್ತು, ಸೇರಿನ ತಳ ಬದಲಾಗಿರಲಿಲ್ಲ.

*

ಈಗ ಕೋಬಾಲ್ಟ್. ತಾಮ್ರದ ಜೊತೆಯಲ್ಲೇ ಸಿಗುವ ಲೋಹ ಇದು. 1978ರ ಮೇ ತಿಂಗಳಲ್ಲಿ ಗಣಿಪಟ್ಟಣ ಕೊಲ್ವೆಜಿಗೆ ಬಂಡುಕೋರರು ನುಗ್ಗಿದಾಗ ಇಡೀ ಜಗತ್ತಿಗೆ ದಿಗಿಲಾಯಿತು. ಮರುವರ್ಷ ಕೋಬಾಲ್ಟಿನ ಬೆಲೆ ಪೌಂಡಿಗೆ 25 ಡಾಲರು ಮುಟ್ಟಿತು. ಆಗ ಕೊಳ್ಳುವವರು ಏನು ಮಾಡಿದರು? ಅಯಸ್ಕಾಂತಗಳಲ್ಲಿ ಕೋಬಾಲ್ಟಿನ ಬದಲು ಅಗ್ಗದ ಫೆರೈಟ್ ಹಾಕಿಕೊಂಡರು. ಈ ಪಾಠ ನೆನಪಿರಲಿ, ಮುಂದೆ ಬೇಕಾಗುತ್ತದೆ.

1991ರಲ್ಲಿ ಸೋನಿ ಕಂಪನಿ ಲಿಥಿಯಂ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಅದರೊಳಗೆ ಕೋಬಾಲ್ಟ್ ಇತ್ತು. ಮೊದಲು ಮೊಬೈಲು, ಆಮೇಲೆ ಕಾರು. ಇವತ್ತು ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ನೂರಕ್ಕೆ ಎಪ್ಪತ್ತು ಪಾಲಿಗೂ ಹೆಚ್ಚು ಕಾಂಗೋದ್ದು. ಅದನ್ನು ಶುದ್ಧ ಮಾಡುವ ಕೆಲಸದ ಬಹುಪಾಲು ಚೀನಾದಲ್ಲಿ. ಬೆಲೆ ಹೇಳುವ ಹಲಗೆ ಲಂಡನ್ನಿನ ಲೋಹ ಮಾರುಕಟ್ಟೆಯಲ್ಲಿ.

ಬೆಲೆಯ ಕುಣಿತ ನೋಡಿ. 2016ರಲ್ಲಿ ಟನ್ನಿಗೆ ಸುಮಾರು 25 ಸಾವಿರ ಡಾಲರು. 2018ರ ಮಾರ್ಚಿಯಲ್ಲಿ 90 ಸಾವಿರ ದಾಟಿತು. 2019ರಲ್ಲಿ 30 ಸಾವಿರಕ್ಕೂ ಕೆಳಗೆ ಬಿತ್ತು. 2022ರಲ್ಲಿ ಮತ್ತೆ 80 ಸಾವಿರ. 2025ರ ಫೆಬ್ರವರಿಯಲ್ಲಿ 22 ಸಾವಿರದ ಆಸುಪಾಸು.

ಕಾಗದದ ಮೇಲೆ ಇದು ಏರಿಳಿಯುವ ಗೆರೆ. ನೆಲದ ಮೇಲೆ ಏನು? ಬೆಲೆ ಏರಿದಾಗ ಕೊಲ್ವೆಜಿಯ ಬಡವರು ಗುದ್ದಲಿ, ಹಾರೆ ಹಿಡಿದು ಬಿಲ ತೋಡುತ್ತಾರೆ. ಕಸುಲೊ ಎಂಬ ಬಡಾವಣೆಯಲ್ಲಿ 2014ರಲ್ಲಿ ಮನೆಯ ಕೆಳಗೇ ಅದಿರು ಇದೆಯೆಂದು ಗೊತ್ತಾದದ್ದೇ ತಡ, ಜನ ತಮ್ಮ ಮನೆಯ ನೆಲವನ್ನೇ ಅಗೆದರು. ಆಸರೆ ಕೊಡದ ಬಿಲಗಳು ಕುಸಿದು ಎಷ್ಟೋ ಜನ ಮಣ್ಣಾದರು. ದಕ್ಷಿಣ ಕಾಂಗೋದ ಗಣಿಗಳಲ್ಲಿ 40 ಸಾವಿರ ಮಕ್ಕಳು ದುಡಿಯುತ್ತಿದ್ದಾರೆಂದು ಯುನಿಸೆಫ್ 2014ರಲ್ಲಿ ಅಂದಾಜು ಮಾಡಿತ್ತು. 2019ರ ಜೂನ್ 27ರಂದು ಕೊಲ್ವೆಜಿಯ ದೊಡ್ಡ ಗಣಿಯೊಂದರಲ್ಲಿ, ಒಳನುಗ್ಗಿ ಅಗೆಯುತ್ತಿದ್ದವರ ಮೇಲೆ ನೆಲ ಜರಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ‘ಅತಿಕ್ರಮ ಪ್ರವೇಶ’ ಅಂದರು. ಅವರ ನೆಲಕ್ಕೆ ಅವರೇ ಅತಿಕ್ರಮಿಗಳು!

ಬೆಲೆ ಇಳಿದಾಗ ಏನಾಗುತ್ತದೆ? ಜಗತ್ತಿನ ಅತಿ ದೊಡ್ಡ ಕೋಬಾಲ್ಟ್ ಗಣಿಯಾಗಿದ್ದ ಮುಟಾಂಡಾಕ್ಕೆ ಅದರ ಕಂಪನಿ 2019ರ ಕೊನೆಯಲ್ಲಿ ಬೀಗ ಹಾಕಿ, ಬೆಲೆ ಏರುವವರೆಗೆ ಸುಮಾರು ಎರಡು ವರ್ಷ ಕಾದು ಕೂತಿತು. ಕಂಪನಿ ಎರಡು ವರ್ಷ ಕಾಯಬಲ್ಲದು. ಅಗೆಯುವವನು ಎರಡು ದಿನ ಕಾಯಲಾರ. ಅವನು ಅರ್ಧ ಬೆಲೆಗೆ ಅದೇ ಬಿಲಕ್ಕೆ ಇಳಿಯುತ್ತಾನೆ, ಇನ್ನೂ ಆಳಕ್ಕೆ ಇಳಿಯುತ್ತಾನೆ.

ಅಗೆದ ಮೇಲೆ ಮೂಟೆಯನ್ನು ಮುಸೋಂಪೊದಂಥ ಸಂತೆಗೆ ತರಬೇಕು. ಅಲ್ಲಿ ಕೊಳ್ಳುವವನ ತಕ್ಕಡಿ. ಪಿಸ್ತೂಲಿನಂಥ ಒಂದು ಯಂತ್ರವನ್ನು ಅದಿರಿಗೆ ಹಿಡಿದರೆ ನೂರಕ್ಕೆ ಎಷ್ಟು ಕೋಬಾಲ್ಟ್ ಇದೆ ಅಂತ ತೋರಿಸುತ್ತದೆ. ಆ ಯಂತ್ರವೂ ಕೊಳ್ಳುವವನದೇ. ತೂಕದಲ್ಲಿ ಮೋಸ, ಯಂತ್ರದಲ್ಲಿ ಮೋಸ ಅಂತ ಅಗೆಯುವವರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಇದನ್ನು ಓದಿದಾಗಲೇ ನನಗೆ ಅಜ್ಜಿಯ ಸೇರು ನೆನಪಾದದ್ದು.

*

ಕೆಲವರು ಹೇಳುತ್ತಾರೆ, ಚಿಂತೆ ಬೇಡ, ಕೋಬಾಲ್ಟೇ ಇಲ್ಲದ ಬ್ಯಾಟರಿ ಬಂದಿದೆ ಅಂತ. ನಿಜ. ಕಬ್ಬಿಣ, ರಂಜಕದ ಬ್ಯಾಟರಿಗಳು 2024ರಲ್ಲಿ ಜಗತ್ತಿನ ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿಯಲ್ಲಿ ಹತ್ತಿರ ಹತ್ತಿರ ಅರ್ಧ ಪಾಲಾದವು. 1979ರ ಫೆರೈಟಿನ ಪಾಠ ಮತ್ತೆ ನಡೆಯುತ್ತಿದೆ. ಕಾರು ಕೊಳ್ಳುವವನ ಮನಸ್ಸಿಗೆ ನೆಮ್ಮದಿ. ಆದರೆ ಬಿಲದಿಂದ ಮೇಲೆ ಬಂದವನು ಏನು ತಿನ್ನಬೇಕು? ಅವನ ಹೊಲ ಗಣಿಗೆ ಹೋಗಿದೆ. ಬೇಕಾದಾಗಲೂ ಅವನನ್ನು ಕೇಳಲಿಲ್ಲ, ಬೇಡವಾದಾಗಲೂ ಕೇಳಲಿಲ್ಲ.

ಕಾಂಗೋ ಸುಮ್ಮನೆ ಕೂತಿಲ್ಲ. 2025ರ ಫೆಬ್ರವರಿಯಲ್ಲಿ ಕೋಬಾಲ್ಟ್ ರಫ್ತನ್ನೇ ನಿಲ್ಲಿಸಿತು. ಅಕ್ಟೋಬರಿನಿಂದ ಕೋಟಾ ತಂದು, 2026ಕ್ಕೂ 2027ಕ್ಕೂ ವರ್ಷಕ್ಕೆ 96,600 ಟನ್ ಅಂತ ಮಿತಿ ಹಾಕಿತು. 2025 ಮುಗಿಯುವ ಮೊದಲೇ ಬೆಲೆ ಎರಡು ಪಟ್ಟಿಗೂ ಮೇಲೆ ಏರಿತು. ಮಾರುವವನೂ ಸೇರಿಗೆ ಕೈ ಹಾಕಬಲ್ಲ ಅಂತ ತೋರಿಸಿದ ದೊಡ್ಡ ಮಾತು ಇದು. ಆದರೆ ಕೋಟಾದ ಬಹುಪಾಲು ಹೋದದ್ದು ದೊಡ್ಡ ಕಂಪನಿಗಳಿಗೆ. ಕೈಯಿಂದ ಅಗೆಯುವವರ ಅದಿರನ್ನು ನ್ಯಾಯವಾಗಿ ಕೊಳ್ಳೋಕೆ ಅಂತ 2019ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ವರ್ಷಗಟ್ಟಲೆ ಕಾಗದದಲ್ಲೇ ಉಳಿದಿತ್ತು. ದೇಶ ಸೇರು ಹಿಡಿದ ಮಾತ್ರಕ್ಕೆ ಕೇರಿ ಸೇರು ಹಿಡಿದಂತಾಗಲಿಲ್ಲ.

ಇದು ದೂರದ ಕಥೆ ಅಂತೀರಾ? ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋಗಿ ನೋಡಿ. ತಿರುಮಣಿಯ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಸೋಲಾರ್ ಹಲಗೆಗಳು ಮಿನುಗುತ್ತವೆ. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಬಾಡಿಗೆ ಶುರುವಾಯಿತು. ಬರದ ನಾಡಿಗೆ ಅದು ದೊಡ್ಡ ದುಡ್ಡೇ. ಆದರೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಭೂಮಿಯಿಲ್ಲದವರಿಗೆ? ಅವರಿಗೆ ಹೊಲವೂ ಇಲ್ಲ, ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಕಾಂಗೋದ ರಕ್ತ ಇಲ್ಲಿಲ್ಲ. ಲೆಕ್ಕ ಬರೆಯುವ ಪುಸ್ತಕ ಮಾತ್ರ ಒಂದೇ.

ಹಳ್ಳಿಶಾಲೆಯ ಮೇಷ್ಟ್ರುಗಳೇ, ಮಕ್ಕಳಿಗೆ ಸೌರಶಕ್ತಿಯ ಪಾಠ ಮಾಡಿ, ಖಂಡಿತ ಮಾಡಿ. ಆದರೆ ಜೊತೆಗೆ ಒಂದು ಪ್ರಶ್ನೆ ಕೊಡಿ: ಇದರೊಳಗಿನ ಲೋಹವನ್ನು ಯಾರು ಅಗೆದರು, ಯಾರು ತೂಗಿದರು, ಯಾರು ಕಾಯಬಲ್ಲವರಾಗಿದ್ದರು?

ಅಜ್ಜಿಯ ಕಥೆ ಅರ್ಧಕ್ಕೆ ಬಿಟ್ಟೆ. ಒಂದು ಸುಗ್ಗಿಯಲ್ಲಿ ಅವಳು ಕೂಲಿಯ ಸೇರನ್ನು ಕಸಿದುಕೊಂಡು, ಕಣದ ನಡುವೆ ಎಲ್ಲರ ಎದುರಿಗೆ ಬೋರಲು ಹಾಕಿ ತಳ ತೋರಿಸಿದಳಂತೆ. ಆ ವರ್ಷವಿಡೀ ಅವಳನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಮನೆಯಲ್ಲಿ ಒಲೆ ಉರಿಯದ ದಿನಗಳಿದ್ದವಂತೆ. ಮರುವರ್ಷದ ಸುಗ್ಗಿಗೆ ಇಡೀ ಕೇರಿ ಆ ಸೇರಿನಲ್ಲಿ ಅಳೆದರೆ ಕೂಲಿಗೆ ಬರೋದಿಲ್ಲ ಅಂತ ಕೂತಿತು.

ಹೊಸ ಸೇರು ಬಂತು.