ಗಾಂಧಾರಿಯ ದನಿ, ಗಂಗೂಬಾಯಿಯ ಕಂಠ

1930ರ ದಶಕದ ಮೊದಲ ವರ್ಷಗಳಲ್ಲಿ ಎಚ್‌ಎಂವಿ ಕಂಪನಿಯು ಹುಬ್ಬಳ್ಳಿಯ ತರುಣಿಯೊಬ್ಬಳನ್ನು ಮುಂಬಯಿಗೆ ಕರೆಸಿ ಹಾಡಿಸಿತು. ತಟ್ಟೆಯ ಮೇಲಿದ್ದ ಹೆಸರು ಗಾಂಧಾರಿ. ದನಿ ತೆಳು, ಎತ್ತರದ್ದು. ನಾವು ಆಕಾಶವಾಣಿಯಲ್ಲಿ ಕೇಳುತ್ತ ಬೆಳೆದ ಗಂಗೂಬಾಯಿ ಹಾನಗಲ್ಲರ ಕಂಠವಾದರೋ ಮಂದ್ರದಲ್ಲಿ ಮೊಳಗುವಂಥದು, ಹೊಸಬರು ಗಂಡಸಿನದೆಂದೇ ಭಾವಿಸುವಂಥದು. ಇಬ್ಬರೂ ಒಬ್ಬರೇ.

ನಡುವೆ ನಡೆದದ್ದು ಟಾನ್ಸಿಲ್ ಚಿಕಿತ್ಸೆ ಎಂಬುದು ಸಂಗೀತವಲಯದಲ್ಲಿ ರೂಢವಾದ ಮಾತು. ಆದರೆ ಟಾನ್ಸಿಲ್‌ಗಳಿರುವುದು ಬಾಯಿಯ ಹಿಂಭಾಗದಲ್ಲಿ. ದನಿ ಹುಟ್ಟುವುದು ಅದಕ್ಕಿಂತ ಕೆಳಗೆ, ಧ್ವನಿಪೆಟ್ಟಿಗೆಯ ಎರಡು ಸಣ್ಣ ಮಡಿಕೆಗಳಲ್ಲಿ. ಹೆಂಗಸರಲ್ಲಿ ಮಾತನಾಡುವಾಗ ಇವು ಸೆಕೆಂಡಿಗೆ ಸುಮಾರು 200 ಸಲ, ಗಂಡಸರಲ್ಲಿ ಸುಮಾರು 120 ಸಲ ಕಂಪಿಸುತ್ತವೆ. ಮಡಿಕೆ ದಪ್ಪವಾದರೆ ಕಂಪನ ನಿಧಾನವಾಗುತ್ತದೆ, ದನಿ ಇಳಿಯುತ್ತದೆ. ಟಾನ್ಸಿಲ್ ತೆಗೆಸಿಕೊಂಡ ಲಕ್ಷಾಂತರ ಜನರಿಗೆ ಹೀಗಾಗುವುದಿಲ್ಲ. ಗಂಟಲಿನ ಶಸ್ತ್ರಕ್ರಿಯೆಯ ನಂತರ ಎಲ್ಲರ ದನಿಯೂ ಮರಳುವುದಿಲ್ಲವೆಂಬುದೂ ನಿಜ: ನಟಿ ಜೂಲಿ ಆಂಡ್ರ್ಯೂಸ್ 1997ರಲ್ಲಿ ಧ್ವನಿಮಡಿಕೆಗಳ ಚಿಕಿತ್ಸೆಗೆ ಒಳಗಾಗಿ ಹಾಡುವ ಕಂಠವನ್ನೇ ಕಳೆದುಕೊಂಡರು.

ಗಂಗೂಬಾಯಿಯವರ ನಷ್ಟ ಸಣ್ಣದಾಗಿರಲಿಲ್ಲ. ಅವರದು ಕಿರಾಣಾ ಘರಾಣೆ. ಅಬ್ದುಲ್ ಕರೀಂ ಖಾನರ ಸಪೂರವಾದ, ಜೇನಿನಂಥ ದನಿಯೇ ಅಲ್ಲಿ ಆದರ್ಶ. ಅದೃಷ್ಟವಶಾತ್ ಅವರ ಗುರು ಸವಾಯಿ ಗಂಧರ್ವರೂ ಒಡೆದ ಕಂಠದ ಕಷ್ಟ ಬಲ್ಲವರು. ಹರೆಯದಲ್ಲಿ ಅವರ ದನಿ ಬಿರುಸಾಗಿತ್ತು. ಕರೀಂ ಖಾನರ ಕೈಕೆಳಗೆ ವರ್ಷಗಟ್ಟಲೆ ಸಾಧನೆ ಮಾಡಿ ಅದನ್ನು ಪಳಗಿಸಿಕೊಂಡಿದ್ದರು. ಶಿಷ್ಯೆ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಕಲಿತರು. ಸ್ವರವನ್ನು ನಿಧಾನವಾಗಿ ಬೆಳೆಸುವ ಆ ಕ್ರಮ ಭಾರವಾದ ಕಂಠಕ್ಕೆ ಒಗ್ಗಿತು.

ಮುಂಬಯಿಗೆ ಇಂಥ ಇನ್ನೊಂದು ಕಂಠವೂ ಗೊತ್ತಿತ್ತು. 1946ರಲ್ಲಿ ಇಲ್ಲಿಯೇ ತೀರಿಕೊಂಡ ಅಲ್ಲಾದಿಯಾ ಖಾನರು ಯೌವನದಲ್ಲಿ ಆಮ್ಲೇಟಾ ಸಂಸ್ಥಾನದಲ್ಲಿ ವಿಶ್ರಾಂತಿಯಿಲ್ಲದೆ ಹಾಡಿ ದನಿ ಕಳೆದುಕೊಂಡಿದ್ದರು. ಮರಳಿ ಬಂದದ್ದು ಒರಟು ದನಿ. ಮಾಧುರ್ಯದ ಆಸರೆ ತಪ್ಪಿದ್ದರಿಂದಲೇ ಲಯದ ಸಂಕೀರ್ಣ ಹೆಣಿಗೆಗೆ ಅವರು ಒಲಿದರೆಂಬ ಅಭಿಪ್ರಾಯವಿದೆ. ಅವರ ಮಗ ಮಂಜಿ ಖಾನರಿಂದ ಆ ಗಾಯನ ನಮ್ಮ ಮಲ್ಲಿಕಾರ್ಜುನ ಮನಸೂರರಿಗೆ ದಕ್ಕಿತು. ಧಾರವಾಡದ ಸಂಗೀತಕ್ಕೆ ಕೆಟ್ಟ ಗಂಟಲುಗಳ ಋಣವೂ ಉಂಟು!

ಬೆಳಗಿನ ಲೋಕಲ್‌ನಲ್ಲಿ ಕಚೇರಿಗೆ (ಸಂಗೀತದ್ದಲ್ಲ, ಸರಕಾರದ್ದು) ಹೋಗುವಾಗ ನಾವು ಆ ಎರಡೂ ದನಿಗಳನ್ನು ಒಂದರ ಹಿಂದೊಂದು ಕೇಳುವುದುಂಟು. 'ಗಂಡುಕಂಠ' ಎಂದು ಬೆರಗಾಗುವ ನಾವು ಗಾಂಧಾರಿಯನ್ನು ಮರೆತದ್ದು ಸರಿಯಲ್ಲವೆನಿಸುತ್ತದೆ. ಮುಂದೆ ಆ ದನಿ ಏನಾಗಬಹುದಿತ್ತೆಂಬುದು ಯಾರಿಗೂ ಕೇಳಿಸಲೇ ಇಲ್ಲ. ಗಂಗೂಬಾಯಿಯವರ ಕಛೇರಿಗಳಲ್ಲಿ ಮಗಳು ಕೃಷ್ಣಾ ಹಿಂದೆ ಕುಳಿತು ಸಹಗಾಯನ ಮಾಡುತ್ತಿದ್ದರು. ತಾಯಿ ಮಂದ್ರದಲ್ಲಿ ನಿಂತಾಗ ಆ ಹೆಣ್ಣುದನಿ ಮೇಲಿನಿಂದ ಬಂದು ಕೂಡಿಕೊಳ್ಳುತ್ತಿತ್ತು.