ಮೂಗಿಗೊಂದು ನಳಿಕೆ, ಅದರ ಹಿಂದೊಂದು ಇತಿಹಾಸ

ಮಳೆಗಾಲ ಮುಗಿದು ಚಳಿ ಕಾಲಿಡುವ ಹೊತ್ತಿಗೆ ನಮ್ಮ ಹೆಬ್ಬಾಳ, ಆರ್.ಟಿ. ನಗರ, ಯಲಹಂಕ ಕಡೆಯ ಮನೆಗಳಲ್ಲಿ ಪುಟ್ಟ ಮಕ್ಕಳಿಗೆ ನೆಗಡಿ, ಕೆಮ್ಮು ಶುರು. ಹೆಚ್ಚಿನ ಮಕ್ಕಳು ವಾರ ಹತ್ತು ದಿನದಲ್ಲಿ ಸರಿಹೋಗುತ್ತಾರೆ. ಕೆಲವು ಕೂಸುಗಳಿಗೆ ಮಾತ್ರ ಉಸಿರು ಏರುತ್ತದೆ, ಪಕ್ಕೆ ಒಳಕ್ಕೆ ಸೆಳೆಯುತ್ತದೆ, ಹಾಲು ಕುಡಿಯಲಾಗುವುದಿಲ್ಲ. ಆಗ ಆಸ್ಪತ್ರೆಯ ಕಾರಿಡಾರಿನಲ್ಲಿ ಕೇಳಿಬರುವ ಮಾತು: "ಮಗೂಗೆ ಹೈ ಫ್ಲೋ ಹಾಕಿದ್ದಾರೆ."

ಏನಿದು ಹೈ ಫ್ಲೋ? ಎಲ್ಲಿಂದ ಬಂತು? ಇದರ ಜಾಡು ಹಿಡಿದು ಹೊರಟರೆ ಒಬ್ಬ ಅಧ್ಯಕ್ಷರ ಮಗು, ಒಂದು ಫ್ರಿಜ್ ಕಂಪನಿ, ಒಂದು ಶಾಂಪೂ ಬಾಟಲಿ, ಕೊನೆಗೆ ನಮ್ಮದೇ ಚಾಮರಾಜನಗರ ಎದುರಾಗುತ್ತವೆ. ಬನ್ನಿ, ಒಂದೊಂದಾಗಿ ನೋಡೋಣ.

1963ರ ಆಗಸ್ಟ್ 7. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಗೆ ಗಂಡುಮಗು ಹುಟ್ಟಿತು, ದಿನ ತುಂಬುವುದಕ್ಕೆ ಐದು ವಾರಕ್ಕೂ ಮೊದಲೇ. ಶ್ವಾಸಕೋಶ ಬಲಿತಿರಲಿಲ್ಲ. ಹೆಸರು ಪ್ಯಾಟ್ರಿಕ್. ಹೆಚ್ಚಿನ ಒತ್ತಡದ ಆಮ್ಲಜನಕದ ಕೋಣೆಯಲ್ಲೂ ಇಟ್ಟು ನೋಡಿದರು. ಎರಡು ದಿನ ತುಂಬುವ ಮೊದಲೇ ಮಗು ತೀರಿಕೊಂಡಿತು. ಜಗತ್ತಿನ ಅತ್ಯಂತ ಪ್ರಬಲ ವ್ಯಕ್ತಿಯ ಮಗುವಿಗೂ ಅಂದು ಉಸಿರು ಕೊಡಲು ದಾರಿ ಇರಲಿಲ್ಲ!

ಎಂಟು ವರ್ಷದ ನಂತರ, 1971ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಡಾ. ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ಒಂದು ಸರಳ ಉಪಾಯ ಪ್ರಕಟಿಸಿದರು. ಮಗು ಉಸಿರು ಬಿಟ್ಟಾಗ ಶ್ವಾಸಕೋಶದ ಗೂಡುಗಳು ಪೂರ್ತಿ ಮುಚ್ಚಿಕೊಳ್ಳದಂತೆ ಸದಾ ಸ್ವಲ್ಪ ಒತ್ತಡ ಇಡುವುದು. ಇದೇ ಸಿಪ್ಯಾಪ್. ಅವರು ನೋಡಿದ 20 ಕೂಸುಗಳಲ್ಲಿ 16 ಉಳಿದವು.

ಅದೇ ಹೊತ್ತಿಗೆ ನ್ಯೂಜಿಲೆಂಡಿನಲ್ಲಿ ಇನ್ನೊಂದು ಕಥೆ. ಒಣಗಾಳಿ ಕೊಟ್ಟರೆ ರೋಗಿಯ ಶ್ವಾಸನಾಳ ಒಣಗಿ ಕಫ ಗಟ್ಟಿಯಾಗುತ್ತದೆ. ಆಕ್ಲೆಂಡ್ ಆಸ್ಪತ್ರೆಯ ಡಾ. ಮ್ಯಾಟ್ ಸ್ಪೆನ್ಸ್ ಇದಕ್ಕೆ ಪರಿಹಾರ ಹುಡುಕುತ್ತಿದ್ದರು. ಆಲ್ಫ್ ಮೆಲ್ವಿಲ್ ಎಂಬ ಎಂಜಿನಿಯರ್ ಜತೆ ಸೇರಿ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವ ಸಾಧನದ ಮೊದಲ ಮಾದರಿ ಕಟ್ಟಿದರು. ಯಾತರಿಂದ ಗೊತ್ತೇ? ಹಣ್ಣು ಕೆಡದಂತೆ ತುಂಬಿಡುವ ಗಾಜಿನ ಜಾಡಿಯಿಂದ. ನಮ್ಮ ಉಪ್ಪಿನಕಾಯಿ ಜಾಡಿಯ ನೆಂಟ ಅನ್ನಿ! ಅದನ್ನು ಮಾರುಕಟ್ಟೆಗೆ ತಂದದ್ದು ಫ್ರಿಜ್ ತಯಾರಿಸುತ್ತಿದ್ದ ಫಿಷರ್ ಅಂಡ್ ಪೈಕೆಲ್ ಕಂಪನಿ.

ಈ ತೇವದ ಗಾಳಿಯೇ ಹೈ ಫ್ಲೋದ ಗುಟ್ಟು. ಮಾಮೂಲಿ ಮೂಗಿನ ನಳಿಕೆಯಲ್ಲಿ ಕೂಸಿಗೆ ನಿಮಿಷಕ್ಕೆ ಒಂದೆರಡು ಲೀಟರ್ ಆಮ್ಲಜನಕ ಹೋಗುತ್ತದೆ. ಅದಕ್ಕಿಂತ ಹೆಚ್ಚು ಒಣಗಾಳಿ ನುಗ್ಗಿಸಿದರೆ ಮೂಗು ಉರಿಯುತ್ತದೆ. ಸುಮಾರು 37 ಡಿಗ್ರಿಗೆ ಬೆಚ್ಚಗಾಗಿಸಿ, ಪೂರ್ತಿ ತೇವ ಮಾಡಿದರೆ ಮಗುವಿನ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಎರಡು ಲೀಟರ್ ಕೊಡಬಹುದು. ಆ ರಭಸ ಮೂಗು ಗಂಟಲಲ್ಲಿ ಉಳಿದ ಹಳೇ ಗಾಳಿಯನ್ನು ತೊಳೆದು ಹಾಕುತ್ತದೆ, ಸ್ವಲ್ಪ ಒತ್ತಡವನ್ನೂ ಕೊಡುತ್ತದೆ. ಮಗುವಿನ ಶ್ರಮ ಇಳಿಯುತ್ತದೆ.

2018ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ 1472 ಕೂಸುಗಳ ಅಧ್ಯಯನ ಪ್ರಕಟವಾಯಿತು. ಶ್ವಾಸನಾಳದ ಸೋಂಕಿದ್ದ ಒಂದು ವರ್ಷದೊಳಗಿನ ಮಕ್ಕಳು ಇವರು. ಮಾಮೂಲಿ ಆಮ್ಲಜನಕ ಸಾಲದೆ ಚಿಕಿತ್ಸೆ ಹೆಚ್ಚಿಸಬೇಕಾದವರು ಶೇ. 23. ಹೈ ಫ್ಲೋದಲ್ಲಿ ಶೇ. 12. ಆದರೆ ಆಸ್ಪತ್ರೆಯಲ್ಲಿ ಕಳೆದ ದಿನಗಳೇನೂ ಕಡಿಮೆಯಾಗಲಿಲ್ಲ. ಎಲ್ಲ ಮಗುವಿಗೂ ಮೊದಲ ಗಳಿಗೆಯಿಂದಲೇ ಹೈ ಫ್ಲೋ ಬೇಕೆಂದಿಲ್ಲ. ಬೇಕಾದಾಗ ಕೈಗೆಟುಕುವಂತಿದ್ದರೆ ಸಾಕು.

ಬಡ ಆಸ್ಪತ್ರೆಗಳ ಗತಿ? ಢಾಕಾದ ವೈದ್ಯರು ಶಾಂಪೂ ಬಾಟಲಿಯಲ್ಲಿ ನೀರು ತುಂಬಿ, ಅದರೊಳಗೆ ಕೊಳವೆ ಮುಳುಗಿಸಿ ಗುಳ್ಳೆಗಳ ಸಿಪ್ಯಾಪ್ ಮಾಡಿದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ತೀವ್ರ ನ್ಯುಮೋನಿಯಾದ ಮಕ್ಕಳ ಸಾವು ಮಾಮೂಲಿ ಆಮ್ಲಜನಕದಲ್ಲಿ ಶೇ. 15, ಹೈ ಫ್ಲೋದಲ್ಲಿ ಶೇ. 13, ಬಾಟಲಿಯಲ್ಲಿ ಶೇ. 4! ಆದರೆ ಕುಣಿಯುವ ಮೊದಲು ಇದನ್ನೂ ಕೇಳಿ. ಆಫ್ರಿಕಾದ ಮಲಾವಿಯ ಜಿಲ್ಲಾ ಆಸ್ಪತ್ರೆಯೊಂದರಲ್ಲಿ, ವೈದ್ಯರ ನಿತ್ಯದ ಉಸ್ತುವಾರಿ ಇಲ್ಲದ ಕಡೆ, ಗುಳ್ಳೆ ಸಿಪ್ಯಾಪ್ ಹಾಕಿದ ಮಕ್ಕಳಲ್ಲಿ ಸಾವು ಶೇ. 17, ಬರೀ ಆಮ್ಲಜನಕದಲ್ಲಿ ಶೇ. 11. ಇದು 2019ರ ವರದಿ. ತತ್ವ ಒಂದೇ, ಫಲ ತಿರುಗುಮುರುಗು. ಪಕ್ಕದಲ್ಲಿ ನಿಂತು ನೋಡಿಕೊಳ್ಳುವ ಕಣ್ಣೂ ಚಿಕಿತ್ಸೆಯ ಭಾಗ.

ಈಗ ನಮ್ಮ ನಾಡಿಗೆ ಬರೋಣ. ಒಂದು ಸಣ್ಣ ಲೆಕ್ಕ. ದೊಡ್ಡ ಜಂಬೋ ಸಿಲಿಂಡರಿನಲ್ಲಿ ಸುಮಾರು 7000 ಲೀಟರ್ ಆಮ್ಲಜನಕ. ನಿಮಿಷಕ್ಕೆ ಎರಡು ಲೀಟರಿನಂತೆ ಎರಡು ದಿನಕ್ಕೂ ಮೇಲೆ ಬರುತ್ತದೆ. ಆರು ಕಿಲೋ ಮಗುವಿಗೆ 12 ಲೀಟರ್ ಶುದ್ಧ ಆಮ್ಲಜನಕದ ಹೈ ಫ್ಲೋ ಹಾಕಿದರೆ ಹತ್ತು ಗಂಟೆಯೂ ಬರುವುದಿಲ್ಲ. (ಗಾಳಿ ಬೆರೆಸಿ ಶೇ. 40ಕ್ಕೆ ಇಳಿಸಿದರೆ ಖರ್ಚು ಮೂರು ಲೀಟರಿಗೆ ಬೀಳುತ್ತದೆ ಅನ್ನಿ.) ದೊಡ್ಡವರಿಗೆ 60 ಲೀಟರ್ ಹರಿಸಿದರೆ? ಎರಡು ಗಂಟೆಗೆ ಮೊದಲೇ ಖಾಲಿ.

2021ರ ಕೋವಿಡ್ ಎರಡನೇ ಅಲೆಯಲ್ಲಿ ಈ ಲೆಕ್ಕ ಇಡೀ ರಾಜ್ಯದ ಎದೆಗೆ ಒದೆಯಿತು. ಮೇ 2ರ ರಾತ್ರಿಯಿಂದ ಮರುದಿನದೊಳಗೆ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ತೀರಿಕೊಂಡರು. ಆಮ್ಲಜನಕದ ಕೊರತೆಯೇ ಕಾರಣ ಎಂದು ಹೈಕೋರ್ಟ್ ನೇಮಿಸಿದ ಸಮಿತಿ ಹೇಳಿತು. ರಾಜ್ಯಕ್ಕೆ ದಿನಕ್ಕೆ 1200 ಟನ್ ಕೊಡಿ ಎಂದು ಹೈಕೋರ್ಟ್ ಕೇಂದ್ರಕ್ಕೆ ಆದೇಶಿಸಬೇಕಾಯಿತು.

ಬೆಂಗಳೂರು ಕೈಕಟ್ಟಿ ಕೂರಲಿಲ್ಲ. ಯಶವಂತಪುರದ ಪಕ್ಕದ ನಮ್ಮ 'ಟಾಟಾ ಇನ್‌ಸ್ಟಿಟ್ಯೂಟ್'ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಗಾಳಿಯ ಸಾರಜನಕವನ್ನು ಜಿಯೋಲೈಟ್ ಹರಳುಗಳಲ್ಲಿ ಹಿಡಿದಿಟ್ಟು ಆಮ್ಲಜನಕ ಉಳಿಸಿಕೊಡುವ ಯಂತ್ರಗಳನ್ನು ವಿಜ್ಞಾನಿಗಳು ರೂಪಿಸಿದರು. ಅದಕ್ಕೂ ಮೊದಲೇ ಇಲ್ಲಿನ ಕೋಯಿಯೋ ಲ್ಯಾಬ್ಸ್‌ನ ನಿತೇಶ್ ಕುಮಾರ್ ಜಾಂಗಿಡ್, ನವಜಾತ ಶಿಶುಗಳನ್ನು ಊರಿನಿಂದ ದೊಡ್ಡಾಸ್ಪತ್ರೆಗೆ ಒಯ್ಯುವಾಗ ಬಳಸಬಲ್ಲ 'ಸಾನ್ಸ್' ಎಂಬ ಸಿಪ್ಯಾಪ್ ಸಾಧನ ತಯಾರಿಸಿ 2019ರಲ್ಲಿ ಕಾಮನ್‌ವೆಲ್ತ್ ಪ್ರಶಸ್ತಿ ಪಡೆದಿದ್ದರು. ಕರೆಂಟಿಲ್ಲದಿದ್ದರೆ ಕೈಯಲ್ಲೇ ಗಾಳಿ ಒತ್ತಿಯೂ ಅದನ್ನು ನಡೆಸಬಹುದು.

ನನಗನಿಸುವುದು ಇಷ್ಟೇ. ಕಣ್ಣಿಗೆ ಕಾಣುವುದು ಮೂಗಿನ ಪುಟ್ಟ ನಳಿಕೆ. ಕಾಣದೇ ಇರುವುದು ಅದರ ಹಿಂದಿನ ಬಿಸಿನೀರು, ಕರೆಂಟು, ಸಿಲಿಂಡರ್ ಲೆಕ್ಕ ಇಡುವವರು, ರಾತ್ರಿ ಪಾಳಿಯ ನರ್ಸು. ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ನಳಿಕೆ ಬರೀ ಪ್ಲಾಸ್ಟಿಕ್ಕು. ಮುಂದಿನ ಸಲ ಯಾರಾದರೂ ಆಸ್ಪತ್ರೆಗೆ ಹೊಸ ಯಂತ್ರ ದಾನ ಕೊಟ್ಟ ಫೋಟೋ ನೋಡಿದಾಗ, ಅದಕ್ಕೆ ಗಾಳಿ ಎಲ್ಲಿಂದ, ನಡೆಸುವವರು ಯಾರು ಅಂತಲೂ ಕೇಳೋಣ.

ನಿಮ್ಮೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳಿಗೆ ಆಮ್ಲಜನಕದ ವ್ಯವಸ್ಥೆ ಹೇಗಿದೆ? ಗೊತ್ತಿದ್ದವರು ಬರೆಯಿರಿ.